ಜಗಲಿಯ ಕೆಳಗಿನ ಬಾಣಂತಿ

ಡ್ವೈಟ್ ಹಾಸ್ಕೆಲ್ ಮಿನೆಸೋಟದ ಹಿಮ ಬಿಟ್ಟು ಟೂಸಾನ್ ಊರಿನಂಚಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಮರುಭೂಮಿಯೆಲ್ಲ ತನ್ನ ಅಜ್ಜ ಬರೆದುಕೊಟ್ಟ ಆಸ್ತಿ ಎಂಬಂತೆ ಮಾತಾಡುತ್ತಿದ್ದ. ಒಣಹಳ್ಳಕ್ಕೆ ಮುಖ ಮಾಡಿ ಮನೆಯ ಹಿಂದೆ ಗಿಡ್ಡ ಕಂಬಗಳ ಮೇಲೆ ಮರದ ದೊಡ್ಡ ಜಗಲಿ ಕಟ್ಟಿಸಿ, ಹೊಸ ಟೋಪಿ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದ. ಪಕ್ಕದ ಮನೆಯ ರೊಸಾಲ್ವ ಬೆನಾವಿದೆಸ್‌ಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಅರ್ಧ ಆಯುಷ್ಯ ಬ್ಯೂಟಿ ಪಾರ್ಲರ್ ನಡೆಸಿದ ಹೆಂಗಸು. ಯಾರ ಕೂದಲು ಸ್ವಂತದ್ದು, ಯಾರದು ಬಣ್ಣದ್ದು ಎಂದು ಹಿಂದಿನಿಂದ ನೋಡಿಯೇ ಹೇಳಬಲ್ಲವಳು. ಹಾಸ್ಕೆಲನನ್ನು ನೋಡಿದ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು: ಮೇಲೆ ಟೋಪಿ, ಒಳಗೆ ಗಾಳಿ.

ಚಳಿಗಾಲ ಮುಗಿಯುತ್ತಿದ್ದ ಒಂದು ಸಂಜೆ ಅವನು ಏದುಸಿರು ಬಿಡುತ್ತ ಬೇಲಿಯ ಬಳಿ ಬಂದ.

"ರೊಸಾಲ್ವ, ಕಯೋಟಿ ನೋಡಿದೆ! ಮರುಭೂಮಿಯ ಕಾಡುತೋಳ! ಜಾಲಿ ಗಿಡದ ಹತ್ರ ನಿಂತು ಕಣ್ಣಲ್ಲಿ ಕಣ್ಣಿಟ್ಟು ನನ್ನನ್ನೇ ನೋಡ್ತಿತ್ತು. ನಮ್ಮಿಬ್ಬರ ಮಧ್ಯೆ ಏನೋ ಒಂದು ಇತ್ತು..."

"ಏನಿತ್ತು? ಬೇಲಿನಾ?"

"ತಮಾಷೆ ಅಲ್ಲ. ಎಂಥದೋ ಋಣಾನುಬಂಧ."

"ಅದು ಒರ್ತೇಗನ ಮನೆ ನಾಯಿ ಕಣ್ರೀ. ಮೈ ತೊಳೆಸದೆ ಹಾಗಾಗಿದೆ. ಕಯೋಟಿ ಇರೋದು ಆ ಗುಡ್ಡದಲ್ಲಿ. ನಮ್ಮಂಥವರ ಪಕ್ಕದಲ್ಲಿ ಮನೆ ಮಾಡೋವಷ್ಟು ಅದೇನು ಕೆಟ್ಟಿಲ್ಲ."

ಇದನ್ನು ಆಕೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ಹುಟ್ಟಿದಾಗಿನಿಂದ ಗುಡ್ಡದ ಕಡೆಯಿಂದ ಅವುಗಳ ಕೂಗು ಕೇಳಿದವಳು ತಾನು. ನಿನ್ನೆ ಮೊನ್ನೆ ಬಂದವನು ತನಗೆ ಹೇಳಿಕೊಡಬೇಕೆ?

ಹಾಸ್ಕೆಲ್ ಮಾತ್ರ ಋಣ ತೀರಿಸಲು ನಿಂತ. ಮೊದಲು ಒಂದು ಬೋಗುಣಿ ನೀರಿಟ್ಟ. ಆಮೇಲೆ ನಾಯಿ ಬಿಸ್ಕತ್ತು. ಕೊನೆಗೆ ಸಾಸೇಜು, ಅದೂ ಹದವಾಗಿ ಸುಟ್ಟದ್ದು. "ಅದಕ್ಕೆ ನನ್ನ ಗುರುತು ಹತ್ತಿದೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಗುರುತು ಹತ್ತಿದ್ದು ಸಾಸೇಜಿನದು ಎಂದು ರೊಸಾಲ್ವ ಅಂದರೆ ದೊಡ್ಡ ಮನಸ್ಸಿನವನಂತೆ ನಕ್ಕ.

ಒಂದು ಭಾನುವಾರ ಅವನು ನೆರೆಹೊರೆಯವರನ್ನೆಲ್ಲ ಊಟಕ್ಕೆ ಕರೆದ. ಕೆಂಡದ ಮೇಲಿಂದ ಹಂದಿಯ ಪಕ್ಕೆಲುಬನ್ನು ಇಳಿಸಿ ತಟ್ಟೆಗಿಟ್ಟು, ವನ್ಯಜೀವಿಗಳ ಜೊತೆ ಬಾಳುವುದು ಹೇಗೆ ಎಂದು ಭಾಷಣ ಶುರುಮಾಡಿದ್ದನಷ್ಟೇ. ಬೂದುಬಣ್ಣದ ಒಂದು ಪ್ರಾಣಿ ಮೆಟ್ಟಿಲು ಹತ್ತಿ ಬಂತು. ನರಿಗಿಂತ ಎತ್ತರ, ತೋಳಕ್ಕಿಂತ ಸಣಕಲು, ಒಂದು ಕಿವಿ ಹರಿದಿತ್ತು. ಒರ್ತೇಗನ ನಾಯಿಯಂತೂ ಖಂಡಿತ ಅಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಪಕ್ಕೆಲುಬನ್ನು ಕಚ್ಚಿಕೊಂಡು, ಬಂದ ದಾರಿಯಲ್ಲೇ ಇಳಿದು ಹೋಯಿತು. ಋಣಾನುಬಂಧದ ಹಾಸ್ಕೆಲ್ ಅಷ್ಟರಲ್ಲಿ ಊಟದ ಮೇಜು ಹತ್ತಿ ನಿಂತಿದ್ದ.

ಇಳಿದ ಮೇಲೆ ಅವನ ಭಾಷೆಯೇ ಬದಲಾಯಿತು. ನೆಂಟ ಅಂದದ್ದು ಈಗ ನರಭಕ್ಷಕ. "ನಮ್ಮ ಮಕ್ಕಳ ಗತಿ ಏನು?" ಎಂದು ಜಗಲಿ ನಡುಗುವಂತೆ ಕಾಲು ಅಪ್ಪಳಿಸಿದ.

"ನಿಮಗೆ ಮಕ್ಕಳೆಲ್ಲಿವೆ?" ಅಂದಳು ರೊಸಾಲ್ವ.

"ಕಯೋಟಿನೇ ಇಲ್ಲ ಅಂದವರು ನೀವು. ನಿಮ್ಮ ಮಾತು ಯಾರು ಕೇಳ್ತಾರೆ?"

ಮಾತು ಸುಳ್ಳಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು.

ಮರುದಿನ ಹಾಸ್ಕೆಲ್ ಕರೆಸಿದ್ದ, ಬೋನು ಹಾಕಿ ಕಾಡುಪ್ರಾಣಿ ಹಿಡಿಯುವ ಬರ್ಲ್ ಎಂಬವನು ಬಂದ. ಹಳ್ಳದಲ್ಲಿ ಹೆಜ್ಜೆ ಗುರುತು ಹಿಡಿದು ಹೊರಟವನು ಹೋಗಿ ಹೋಗಿ ಹಾಸ್ಕೆಲನ ಮನೆಗೇ ವಾಪಸು ಬಂದು, ಜಗಲಿಯ ಕೆಳಗೆ ಮಲಗಿ ಟಾರ್ಚು ಬಿಟ್ಟ.

"ಊರೆಲ್ಲ ಹುಡುಕೋದು ಬೇಡ ಸಾರ್. ಬಾಣಂತಿ ನಿಮ್ಮನೇಲೇ ಇದಾಳೆ."

ರೊಸಾಲ್ವ ಮಂಡಿಯೂರಿ ತಾನೂ ಬಗ್ಗಿ ನೋಡಿದಳು. ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆಯಲ್ಲಿದ್ದವು. ಹರಿದ ಕಿವಿಯ ತಾಯಿ ಸದ್ದಿಲ್ಲದೆ ಹಲ್ಲು ತೋರಿಸಿತು. ಇಷ್ಟು ದಿನ ತನ್ನ ಅಡುಗೆಮನೆಯ ಕಿಟಕಿಯಿಂದ ಕೂಗಳತೆಯಲ್ಲಿ ಇದರ ಹೆರಿಗೆ, ಬಾಣಂತನ ಎಲ್ಲ ನಡೆದಿದೆ, ತನಗೆ ಗೊತ್ತೇ ಆಗಿಲ್ಲ!

"ಎಲ್ಲಾನೂ ಇಲ್ಲೇ ಮುಗಿಸಿಬಿಡ್ಲಾ? ಹೂಂ ಅನ್ನಿ ಸಾಕು" ಅಂದ ಬರ್ಲ್.

ತನ್ನ ಬದಲು ಹೂಂ ಅನ್ನುವವರು ಯಾರಾದರೂ ಇದ್ದಾರೆಯೇ ಎಂದು ಹಾಸ್ಕೆಲ್ ಸುತ್ತ ನೋಡಿದ.

"ಹಾಲು ಕುಡಿಸೋ ತಾಯೀನ ಸಾಯಿಸೋದಕ್ಕಾ ಸಾಸೇಜು ಹಾಕಿ ಕರೆದಿದ್ದು?" ರೊಸಾಲ್ವ ಎದ್ದು ನಿಂತಳು. "ಏನಪ್ಪಾ ಬರ್ಲ್, ಬೇರೆ ದಾರಿ ಇಲ್ವಾ?"

"ಗಲಾಟೆ ಮಾಡಿ ಕಾಡಿಸಿದ್ರೆ ಮರಿಗಳನ್ನ ಎತ್ಕೊಂಡು ತಾನೇ ಹೋಗ್ತಾಳೆ ತಾಯಿ. ಅದಕ್ಕೆ ನಾನು ಯಾಕೆ?" ಎಂದು ಬರ್ಲ್ ಬೋನು ಕಟ್ಟಿಕೊಂಡು ಹೊರಟ.

ಗಲಾಟೆ ಮಾಡುವುದರಲ್ಲಿ ರೊಸಾಲ್ವಳನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ರೇಡಿಯೋ ತಂದು ಅಕಾರ್ಡಿಯನ್ ಹಾಡುಗಳನ್ನು ಜೋರಾಗಿ ಹಚ್ಚಿದಳು. ದೊಡ್ಡ ಪಾತ್ರೆಯೊಂದನ್ನು ಸೌಟಿನಿಂದ ಬಡಿದಳು. ಹಾಸ್ಕೆಲ್ ಗಾಜಿನ ಬಾಗಿಲು ಹಾಕಿಕೊಂಡು ಒಳಗೆ ನಿಂತ. ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಒಂದು ಮರಿಯನ್ನು ಬಾಯಲ್ಲಿ ಹಿಡಿದು ಹೊರಗೆ ಬಂತು. ಓಡಲಿಲ್ಲ, ಮನೆಯ ಪಕ್ಕದಿಂದ ಮುಂದಿನ ಬೀದಿಗೆ ನಡೆಯಿತು; ರೊಸಾಲ್ವ ಪಾತ್ರೆ ಬಡಿಯುತ್ತ ಹಿಂದೆಯೇ ಬಂದಳು. ಬೀದಿಯ ನಡುವೆ ಮರಿಯನ್ನು ಇಳಿಸಿ ಹಿಡಿತ ಸರಿಮಾಡಿಕೊಂಡಿತು. ಕಾರುಗಳು ನಿಂತು ಕಾದವು. ಹೋಗುವಾಗ ರೊಸಾಲ್ವಳ ಕಡೆ ಒಮ್ಮೆ ನೋಡಿತು. ಕೂದಲು ಕೆಟ್ಟದಾಗಿ ಕತ್ತರಿಸಿಕೊಂಡ ಗಿರಾಕಿ ಏನೂ ಅನ್ನದೆ ಕನ್ನಡಿಯಲ್ಲಿ ನೋಡುವಂಥ ನೋಟ. ಸೌಟು ತಾನಾಗಿ ಕೆಳಗಿಳಿಯಿತು. ಅವಳು ಹೋಗಿ ರೇಡಿಯೋ ಆರಿಸಿದಳು.

ಹೋಗುತ್ತ ಬರುತ್ತ ತಾಯಿ ಮರಿಗಳನ್ನೆಲ್ಲ ಸಾಗಿಸಿತು, ಒಂದನ್ನು ಬಿಟ್ಟು. ಅದು ತೊಲೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡು ಕಿರುಚುತ್ತಿತ್ತು. ತಾಯಿ ಎಳೆಯಿತು, ಕೆರೆಯಿತು, ಬಿಟ್ಟು ದೂರ ಹೋಗಿ ನಿಂತಿತು, ಮತ್ತೆ ಬಂತು. ಕೊನೆಗೆ ಜಾಲಿ ಗಿಡದ ಬಳಿ ನಿಂತೇಬಿಟ್ಟಿತು. ರೊಸಾಲ್ವಳ ಕೈ ಅಲ್ಲಿಗೆ ಎಟುಕಲಿಲ್ಲ.

ಆಗ ಗಾಜಿನ ಬಾಗಿಲು ಸರಿಯಿತು. ಹಾಸ್ಕೆಲ್ ಬರಿದಲೆಯಲ್ಲಿ, ಕೈಯಲ್ಲಿ ಹಾರೆಕೋಲು ಹಿಡಿದು ಹೊರಬಂದ. ಮುಖ ಬಿಳಿಚಿಕೊಂಡಿತ್ತು. ಕಯೋಟಿಯ ಕಡೆ ನೋಡುವ ಧೈರ್ಯವಿಲ್ಲದೆ ಬಗ್ಗಿ, ಅಷ್ಟು ಆಸೆಯಿಂದ ಹಾಕಿಸಿದ್ದ ಹಲಗೆಯನ್ನು ಮೀಟಿದ. ಮರ ಚಟಚಟ ಸೀಳಿತು. ಮರಿ ಕೆಳಗೆ ಬಿದ್ದದ್ದೇ ತಡ, ಅವನು ಹಿಂದಿಂದಕ್ಕೆ ಓಡಿ ಗೋಡೆಗೆ ಆತುಕೊಂಡ. ತಾಯಿ ಬಂದು ಮರಿಯನ್ನು ಕಚ್ಚಿಕೊಂಡು ಹೋಯಿತು. ತಿರುಗಿಯೂ ನೋಡಲಿಲ್ಲ.

"ಹೋಯ್ತಾ?" ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಹೋಯ್ತು" ಅಂದಳು ರೊಸಾಲ್ವ. ಪಾತ್ರೆ ಎತ್ತಿಕೊಂಡು ಮನೆಗೆ ನಡೆದಳು.

ವಾರ ಕಳೆಯುವುದರೊಳಗೆ ಹಾಸ್ಕೆಲನ ಬಾಯಲ್ಲಿ ಮರಿಗಳ ಸಂಖ್ಯೆ ದುಪ್ಪಟ್ಟಾಗಿತ್ತು. ತಾಯಿ ಅವನ ಕೈ ನೆಕ್ಕಿತ್ತಂತೆ. ಅವನ ಕಥೆಯಲ್ಲಿ ರೊಸಾಲ್ವ ಹೆದರಿ ಪಾತ್ರೆ ಬಡಿಯುತ್ತಿದ್ದ ಪಕ್ಕದ ಮನೆಯ ಮುದುಕಿಯಾಗಿದ್ದಳು. ಚರ್ಚಿನ ಹೊರಗೆ ಹೆಂಗಸರು ಅವಳನ್ನು ಸುತ್ತುವರಿದರು.

"ಹೌದಾ ರೊಸಾಲ್ವ? ನಿಜವಾಗ್ಲೂ ಆ ಮನುಷ್ಯ ಹಲಗೆ ಕಿತ್ತು ಮರೀನ ಬಿಡಿಸಿದ್ನಾ?"

ರೊಸಾಲ್ವ ಕೇಳಿದವಳ ಬಣ್ಣ ಹಾಕಿದ ಕೂದಲಿನ ಬುಡ ನೋಡಿದಳು.

"ಹೂಂ, ಕಿತ್ತ" ಅಂದಳು. "ಮೊಳೆ ಸರಿಯಾಗಿ ಹೊಡೆಸಿರಲಿಲ್ಲ, ಅದಕ್ಕೇ ಬಂತು."