ಬಾವಿಯೊಳಗಿನ ಹೂಂ

ನಾನು ಕಥೆ ಶುರು ಮಾಡಿದರೆ ಕಂಪ್ಲಿಯಲ್ಲಿ ಹೊಳೆ ಹರಿಯುವುದನ್ನು ನಿಲ್ಲಿಸುತ್ತದೆ. ೧೯೨೪ರಲ್ಲಿ ಮದರಾಸಿನಿಂದ ಬಂದ ಸರ್ವೆ ಸಾಹೇಬ, ಕನ್ನಡದ ಒಂದಕ್ಷರ ಅರಿಯದವನು, ನನ್ನೆದುರು ಕೂತು ಮೂರು ದಿನ 'ಹೂಂ' ಅಂದಿದ್ದ.

ನಮ್ಮ ಮಲಪನಗುಡಿಯಲ್ಲಿ ಕಥೆಗೆ ಒಬ್ಬರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಕಥೆ ನಿಂತಿತು. ಹೂಂ ಬರುತ್ತಿದ್ದರೆ ಹೇಳುವವನು ಏಳುವಂತಿಲ್ಲ. ನನಗೆ ಹೂಂಗುಟ್ಟುತ್ತಿದ್ದವಳು ಗಾಳೆಮ್ಮಕ್ಕ, ತಾಯಿ ಸತ್ತಮೇಲೆ ನನ್ನನ್ನು ಸಾಕಿದ ಅಕ್ಕ.

ಜನಕ್ಕೆ ಬೇಕಾದದ್ದು ನನ್ನ ಕಥೆಯ ಘಟಸರ್ಪ. ಅದು ವಿಜಯನಗರದ ಆನೆಲಾಯದ ಹಿಂದೆ ರೆಕ್ಕೆ ಮಡಿಚಿ ಮಲಗುತ್ತಿತ್ತು. ಅದರ ಉಸಿರಿಗೆ ರಾಣಿಯರ ಸ್ನಾನದ ನೀರು ಕಾಯುತ್ತಿತ್ತು. ಅರಸನ ಹೆಸರು ತಪ್ಪಿದರೆ ಯಾರೂ ತಕರಾರು ತೆಗೆಯುವುದಿಲ್ಲ, ಘಟಸರ್ಪದ ಒಂದು ಹಲ್ಲು ತಪ್ಪಿದರೆ ಜಗಳಕ್ಕೇ ಬರುತ್ತಾರೆ. ಕೊನೆಗೆ ಅರಸ ಅದರ ಕತ್ತು ಕಡಿಯುತ್ತಾನೆ. ಸಾವಿರ ಸಲ ಕಡಿಸಿದ್ದೇನೆ.

ಆ ಮಧ್ಯಾಹ್ನ ಮೆಟ್ಟಿಲುಬಾವಿಯ ಕಟ್ಟೆಯ ಮೇಲೆ ಹೇಳುತ್ತಿದ್ದೆ. ನೀರಿಗೆ ಬಂದ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಕೊನೆಗುಳಿದ ಅಕ್ಕ ಕೊಡ ಎತ್ತಿಕೊಂಡಳು.

"ಲೇ ಜಡೆಪ್ಪ, ಇವತ್ತು ಅದನ್ನ ಕೊಲ್ಲಬ್ಯಾಡ."

"ಯಾಕಕ್ಕಾ? ನಿನ್ನ ಬೀಗರೇನು ಅದು?"

"ಅಷ್ಟು ದೊಡ್ಡ ಊರು ಹಾಳಾತು. ಅದನ್ನ ಕಣ್ಣಾರೆ ಕಂಡಿದ್ದು ಇದೊಂದ ಉಳದೈತಿ. ಇದನ್ನೂ ಕೊಂದ್ರ ಆ ಊರಿಗೆ ಅಳೋರು ಯಾರಲೇ?"

"ನಾ ಹುಟ್ಟಿಸಿದ್ದು, ನಾನ ಕೊಲ್ತೀನಿ!"

ಅವಳು ನಗಲಿಲ್ಲ. ನೀರಿಗೆಂದು ಬಾವಿಯ ಮೆಟ್ಟಿಲಿಳಿದು ಕತ್ತಲಲ್ಲಿ ಕಾಣದಾದಳು. ನಾನು ಗಂಟಲೆತ್ತಿದೆ: "ಅರಸ ಖಡ್ಗ ಹಿರಿದ..."

"ಹೂಂ."

ಅಕ್ಕನ ದನಿಯಲ್ಲ. ಬಂಡೆಯೊಂದು ಮಗ್ಗುಲು ಬದಲಿಸಿದಂತೆ ಬಾವಿಯ ತಳದಿಂದ ಬಂತು. ಕಲ್ಲಿನ ಸಂದಿನ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿದವು. ಬಿಸಿಯಾದದ್ದೊಂದು ಮೆಟ್ಟಿಲೇರಿ ಬಂದು ನನ್ನ ಪಾದ ಮುಟ್ಟಿತು.

"ಅಕ್ಕಾ!"

ಬಗ್ಗಿ ನೋಡಿದೆ, ಕತ್ತಲಷ್ಟೇ ಕಂಡಿತು.

"ಹೂಂ," ಎಂದಿತು ಮತ್ತೆ.

ನಿಲ್ಲಿಸುವಂತಿಲ್ಲ. ಘಟಸರ್ಪದ ಕತ್ತು ಕಡಿಸಿದರೆ ಅಕ್ಕ ಮೇಲೆ ಬರುವುದಿಲ್ಲ. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸಪೇಟೆಯವರೆಗೆ ಕೇಳುವ ನನ್ನ ದನಿ ಬೆಕ್ಕಿನ ಮರಿಯದಾಗಿತ್ತು.

"ಅರಸ ಘಟಸರ್ಪದ ಕಣ್ಣು ನೋಡಿದ. ಖಡ್ಗ ಕೆಳಗಿಟ್ಟ. 'ನಾವು ಹೋದಮ್ಯಾಲೂ ನೀ ಇರು' ಅಂದ."

ಹೂಂ ನಿಂತಿತು. ಆಮೇಲೆ ಕೊಡದ ನೀರು ತುಳುಕುವುದು ಕೇಳಿತು. ಅಕ್ಕ ಮೇಲೆ ಬಂದಳು, ಸೆರಗಿನಂಚು ಬಿಸಿಗೆ ಕಂದಿತ್ತು. ಆ ಕೊಡಕ್ಕೆ ಅಕ್ಕಿ ಹಾಕಿದ್ದರೆ ಅನ್ನವಾಗುತ್ತಿತ್ತು. ಈ ಮಾತಿಗೆ ಉಪ್ಪುಖಾರ ಹಚ್ಚಿಲ್ಲ.

"ಕೂಗಿದ್ನಲ್ಲ, ಕೇಳ್ಲಿಲ್ಲೇನು?"

"ಕೇಳ್ತು. ಬಾಯಿ ಬಿಡೋ ಹಂಗಿರಲಿಲ್ಲ. ಅದು ಕಥಿ ಕೇಳಾಕ ಹತ್ತಿತ್ತು."

ಅವಳ ಕೈ ಹಿಡಿದು ಎದ್ದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಬೆನ್ನ ಹಿಂದೆ ಬಂತು: "ಹೂಂ?"

ಕೊಲ್ಲದೆ ಬಿಟ್ಟ ಕಥೆಗೆ ಕೊನೆ ಎಲ್ಲಿಂದ ತರಲಿ? ಅಕ್ಕ ತಿರುಗಿ ಬಂದು ಕೊಡವನ್ನು ಕಟ್ಟೆಯ ಮೇಲಿಟ್ಟಳು.

"ಕುಂದ್ರು ತಮ್ಮಾ," ಅಂದಳು. "ಮುಂದೇನಾತು, ಹೇಳು."