ಕೂಸಿನ ತಕ್ಕಡಿಯಲ್ಲಿ ಗಾಳಿ

ಘಾಲಿಯ ಉಸಿರಿನ ಸದ್ದು ಆಸ್ಪತ್ರೆಯ ಅಂಗಳಕ್ಕೂ ಕೇಳುತ್ತಿತ್ತು, ಒಣಮರಕ್ಕೆ ಗರಗಸ ಹಾಕಿದ ಹಾಗೆ. ಎದೆಯೊಳಗಿನ ಗೆಡ್ಡೆಯೊಂದು ಶ್ವಾಸನಾಳವನ್ನು ಹಿಚುಕುತ್ತಿತ್ತು. ಕತ್ತು ಕೊಯ್ದು ಕೊಳವೆ ಇಡೋಣವೆಂದರೆ ಅಡ್ಡಿಯಿದ್ದದ್ದು ಅದಕ್ಕೂ ಕೆಳಗೆ. ಅವನನ್ನು ದೊಡ್ಡ ಆಸ್ಪತ್ರೆಗೆ ಒಯ್ಯಲು ಅಲ್ಜೀರ್ಸ್‌ನಿಂದ ಬರಬೇಕಿದ್ದ ವಿಮಾನ ಮರಳುಗಾಳಿಯಿಂದಾಗಿ ಹೊರಟೇ ಇರಲಿಲ್ಲ.

"ಸಂಜೆವರೆಗೂ ತಡೆಯಲ್ಲ ಅಕ್ಕಾ," ಎಂದ ಡಾಕ್ಟರ್ ಮರ್ವಾನ್, ಘಾಲಿಯ ಹೆಂಡತಿ ಜೂಲಿಖಾಗೆ. "ಆಮ್ಲಜನಕ ಕೊಡ್ತಾ ಇದೀನಿ. ಆದ್ರೆ ಅಷ್ಟು ಸಣ್ಣ ಸಂದಿಯಲ್ಲಿ ಅದು ನುಗ್ಗಲ್ಲ, ಭಾರ. ಹೀಲಿಯಂ ಬೆರೆಸಿ ಹಗುರ ಮಾಡಿದ್ರೆ ನುಸುಳುತ್ತೆ. ನಮ್ಮ ಹತ್ರ ಎಲ್ಲಿದೆ?"

ಜೂಲಿಖಾ ಹವಾಮಾನ ಕೇಂದ್ರದಲ್ಲಿ ಹೀಲಿಯಂ ಬಲೂನು ಹಾರಿಸುವವಳು. ಮಾತು ಮುಗಿಯುವ ಮೊದಲೇ ಅವಳು ಜೀಪಿನಲ್ಲಿದ್ದಳು.

ಅವಳು ಹೀಲಿಯಂ ಸಿಲಿಂಡರ್ ಉರುಳಿಸಿಕೊಂಡು ಬಂದಾಗ ಅತ್ತೆ ಫಾದಿಮಾ ಬಾಗಿಲಿಗೆ ಅಡ್ಡ ನಿಂತಳು. "ಆಕಾಶಕ್ಕೆ ಬಿಡೋ ಗಾಳೀನ ನನ್ನ ಮಗನಿಗೆ ಕುಡಿಸ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ?"

"ಬೇರೆ ಏನಾದ್ರೂ ಇದ್ರೆ ಹೇಳಮ್ಮ. ಇಲ್ದಿದ್ರೆ ದಾರಿ ಬಿಡು."

ಮುದುಕಿ ಪಕ್ಕಕ್ಕೆ ಸರಿದಳು.

ಏಳು ಪಾಲು ಹೀಲಿಯಂ, ಮೂರು ಪಾಲು ಆಮ್ಲಜನಕ. ಖಾಲಿ ಸಿಲಿಂಡರನ್ನು ತೂಗಿ, ಮೊದಲು ಆಮ್ಲಜನಕ ತುಂಬಿದರು, ಮೇಲೆ ಹೀಲಿಯಂ. ಎರಡನ್ನೂ ಒತ್ತಡ ಅಳೆಯುವ ಮುಳ್ಳು ಹೇಳಿದಲ್ಲಿಗೆ ನಿಲ್ಲಿಸಿದರು. ಎರಡೂ ಬೆರೆಯಲೆಂದು ಜೂಲಿಖಾ ಅದನ್ನು ನೆಲದ ಮೇಲೆ ಹಿಂದೆ ಮುಂದೆ ಉರುಳಿಸಿದಳು.

"ಕೊಡಿ, ಹಾಕ್ತೀನಿ," ಎಂದು ಮರ್ವಾನ್ ಕೈ ಚಾಚಿದ.

"ಮುಳ್ಳನ್ನ ನಂಬಿ ಹಾಕೋದಾ? ತಡೀರಿ ಡಾಕ್ಟ್ರೇ."

ಆಮ್ಲಜನಕ ಅಳೆಯುವ ಯಂತ್ರ ಅಲ್ಲಿರಲಿಲ್ಲ. ಇದ್ದದ್ದು ಖಾಲಿ ಸಿಲಿಂಡರನ್ನು ತೂಗಿದ್ದ, ಹೆರಿಗೆ ವಾರ್ಡಿನ ಕೂಸುಗಳ ತಕ್ಕಡಿ. ಸಿಲಿಂಡರನ್ನು ಮತ್ತೆ ಅದರ ಮೇಲೆ ಮಲಗಿಸಿದಳು. ಒಂದು ಮೋಲ್ ಹೀಲಿಯಂ ನಾಲ್ಕು ಗ್ರಾಂ ತೂಗುತ್ತದೆ, ಆಮ್ಲಜನಕ ಮೂವತ್ತೆರಡು. ಏಳು ಪಾಲು, ಮೂರು ಪಾಲು ಬೆರೆತಿದ್ದರೆ ಸರಾಸರಿ ಹನ್ನೆರಡೂ ಚಿಲ್ಲರೆ ಬರಬೇಕು. ತುಂಬಿದ ಮೇಲಿನ ಒಟ್ಟು ಒತ್ತಡದ ಪ್ರಕಾರ ಸಿಲಿಂಡರಿನಲ್ಲಿ ಸುಮಾರು ನಲವತ್ತೊಂದು ಮೋಲ್ ಅನಿಲ. ಎಂದರೆ ಐನೂರು ಗ್ರಾಂ ದಾಟಬೇಕು.

ಖಾಲಿ ಸಿಲಿಂಡರಿನ ತೂಕ ಕಳೆದರೆ ತಕ್ಕಡಿ ತೋರಿಸಿದ್ದು ಮುನ್ನೂರ ಎಪ್ಪತ್ತು.

ಅಂಗೈ ಮೇಲೆ ಪೆನ್ನಿನಲ್ಲಿ ಮತ್ತೆ ಭಾಗಿಸಿದಳು. ಸರಾಸರಿ ಬರೀ ಒಂಬತ್ತು. "ಆಮ್ಲಜನಕ ನೂರಕ್ಕೆ ಹದಿನೆಂಟೂ ಇಲ್ಲ ಡಾಕ್ಟ್ರೇ, ಬರೀ ಗಾಳಿಯಲ್ಲೇ ಇಪ್ಪತ್ತೊಂದಿರುತ್ತೆ. ಒತ್ತಡ ಕಡಿಮೆ ಇದ್ದಾಗ ಮುಳ್ಳು ಸುಳ್ಳು ಹೇಳಿದೆ, ಮೊದಲು ತುಂಬಿದ ಆಮ್ಲಜನಕಾನೇ ಸಾಲದೆ ಹೋಗಿದೆ."

ಮರ್ವಾನನ ಮುಖ ಬಿಳಿಚಿತು. "ಹಾಕಿದ್ದಿದ್ರೆ ನಾವೇ ಉಸಿರು ಕಟ್ಟಿಸ್ತಿದ್ವಿ."

ಆಚೆ ಕೋಣೆಯಲ್ಲಿ ಗರಗಸದ ಸದ್ದು ತಡೆತಡೆದು ಬರತೊಡಗಿತ್ತು. "ನೀಲಿಯಾಗ್ತಿದಾನೆ! ಬನ್ರೋ ಯಾರಾದ್ರೂ!" ಎಂದು ಫಾದಿಮಾ ಕೂಗಿದಳು. ಜೂಲಿಖಾ ಹೋಗಲಿಲ್ಲ. ಹೋದರೆ ಲೆಕ್ಕ ತಪ್ಪುತ್ತದೆ ಎಂದು ಹಲ್ಲು ಕಚ್ಚಿ ಕೂತಳು. ಇದ್ದ ಹೀಲಿಯಂಗೆ ಇನ್ನೆಷ್ಟು ಆಮ್ಲಜನಕ ಸೇರಬೇಕು? ಏಳು ಮೋಲ್. ಇನ್ನೂರ ಇಪ್ಪತ್ತು ಗ್ರಾಂ ಮೇಲೆ. ಹೊಸ ಆಮ್ಲಜನಕದ ಸಿಲಿಂಡರಿಗೆ ನಳಿಕೆ ಸಿಕ್ಕಿಸಿ, ಸ್ವಲ್ಪ ಬಿಡುವುದು, ನಳಿಕೆ ಕಳಚಿ ತೂಗುವುದು. ಸಾಲಲಿಲ್ಲ. ಮತ್ತೆ ಬಿಟ್ಟಳು. ಕೊನೆಗೂ ಐನೂರ ತೊಂಬತ್ತು ದಾಟಿತು. ಉರುಳಿಸಿ, ಉರುಳಿಸಿ, ಇಬ್ಬರೂ ಹೊತ್ತುಕೊಂಡು ಓಡಿದರು.

ಮುಖವಾಡ ಹಾಕಿದ ಮೇಲೂ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಜೂಲಿಖಾ ಗಂಡನ ಪಾದ ಹಿಡಿದುಕೊಂಡು ನಿಂತಿದ್ದಳು, ಅದು ತಣ್ಣಗಿತ್ತು. ಆಮೇಲೆ ಪಕ್ಕೆಲುಬುಗಳ ಸೆಳೆತ ಸಡಿಲವಾಯಿತು. ಸದ್ದು ತಗ್ಗಿತು. ತುಟಿಗೆ ಬಣ್ಣ ಬಂತು. ಘಾಲಿ ಕಣ್ಣು ತೆರೆದು, "ಅಮ್ಮಾ, ಅಳಬೇಡ," ಎಂದ. ಹೀಲಿಯಂನಿಂದಾಗಿ ಕೋಳಿಮರಿಯ ದನಿ. ಮುದುಕಿ ಬೆಚ್ಚಿ ಹಿಂದೆ ಸರಿದು, "ಇದ್ಯಾರೋ ನನ್ನ ಮಗನೊಳಗೆ!" ಎಂದಳು, ಅಳುತ್ತಲೇ ನಕ್ಕಳು.

ಸಿಲಿಂಡರ್ ಮುಗಿದಾಗಲೆಲ್ಲ ಜೂಲಿಖಾ ಇನ್ನೊಂದನ್ನು ತುಂಬಿದಳು, ತೂಗಿದಳು. ಹೀಲಿಯಂ ತಳ ಕಾಣುವ ಹೊತ್ತಿಗೆ ಗಾಳಿ ಇಳಿದು ವಿಮಾನ ಬಂತು. ಘಾಲಿಯನ್ನು ಹೊತ್ತು ಅದು ಮೇಲೇರಿದ ಮೇಲೆ ಅವಳು ಬಯಲಿನಲ್ಲೇ ಕೂತಳು. ಫಾದಿಮಾ ಪಕ್ಕದಲ್ಲಿ ಕೂತು ಸೊಸೆಯ ಕೂದಲಿನಿಂದ ಮರಳು ಕೊಡವತೊಡಗಿದಳು.

ಈಗ ಘಾಲಿಯ ಗೆಡ್ಡೆ ಅಲ್ಜೀರ್ಸ್‌ನ ಔಷಧಿಗೆ ಅರ್ಧ ಕರಗಿದೆ. ಇನ್ನರ್ಧದ ಬಗ್ಗೆ ವೈದ್ಯರು ಇನ್ನೂ ಮಾತು ಕೊಟ್ಟಿಲ್ಲ.