ಹೌದು ಎನ್ನುವವರು

ಸಭಾಧ್ಯಕ್ಷರು ಐದನೆಯ ಸಲ ಗಂಟೆ ಒತ್ತಿದರೂ ನೀರಾವರಿಯ ಮೇಲೆ ಮಾತಾಡುತ್ತಿದ್ದ ಸದಸ್ಯರು ಕೂರಲಿಲ್ಲ. ಮುಂದಿನ ಸರದಿ ಆರೋಗ್ಯ ಇಲಾಖೆಯದು; ಮೊದಲ ಹೆಸರು ನರ್ಸಮ್ಮನದು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಆಳುವ ಪಕ್ಷದಿಂದ ಮೊದಲ ಸಲ ಗೆದ್ದು ಬಂದಿದ್ದ ಅವರನ್ನು ಸದನದಲ್ಲೂ ಹಾಗೇ ಕರೆಯುತ್ತಿದ್ದರು. ಕೈಯಲ್ಲಿ ಭಾಷಣ ಬರೆದುಕೊಂಡ ನಾಲ್ಕು ಹಾಳೆ. ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಅವರ ಊರಿನ ಬಡಗಿ ಕುಳಿತಿದ್ದ. ಊರಿನ ಹೆರಿಗೆ ವಾರ್ಡನ್ನು ಇಲಾಖೆ ಮುಚ್ಚಿದ ಮೇಲೆ, ದೂರದ ಆಸ್ಪತ್ರೆಯ ದಾರಿಯಲ್ಲೇ ಅವನ ತುಂಬು ಬಸುರಿ ಮಗಳು ತೀರಿಕೊಂಡಿದ್ದಳು. "ಅವಳ ಹೆಸರು ಅಲ್ಲಿ ಒಂದ್ಸಲ ಹೇಳ್ಬಿಡಿ ಅಕ್ಕ, ಸಾಕು" ಎಂದಿದ್ದ.

ಗಡಿಯಾರ ಐದು ತೋರಿಸಿತು. ನರ್ಸಮ್ಮ ಎದ್ದು ನಿಂತರು.

"ಕೂತ್ಕೊಳ್ಳಿ ತಾಯಿ." ಸಭಾಧ್ಯಕ್ಷರ ದನಿಯಲ್ಲಿ ನಿಜವಾದ ಬೇಸರವಿತ್ತು. "ನಿಯಮ ನಿಮಗೂ ಗೊತ್ತು. ಬಜೆಟ್ ಚರ್ಚೆ ಇವತ್ತು ಐದಕ್ಕೆ ಮುಗೀಬೇಕು. ಉಳಿದ ಇಲಾಖೆಗಳೆಲ್ಲ ಚರ್ಚೆ ಇಲ್ದೆ ಒಟ್ಟಿಗೆ ಮತಕ್ಕೆ."

"ಎರಡೇ ನಿಮಿಷ ಸಭಾಧ್ಯಕ್ಷರೇ."

"ನಿಮಗೆ ಕೊಟ್ರೆ ಇನ್ನೂ ಹನ್ನೊಂದು ಜನಕ್ಕೆ ಕೊಡ್ಬೇಕು."

ಹಿಂದಿನ ಸಾಲಿನಿಂದ ಪಕ್ಷದ ಸಚೇತಕ ಬಗ್ಗಿ ಪಿಸುಗುಟ್ಟಿದ: "ಮತ ಆಚೀಚೆ ಆದ್ರೆ ಸರ್ಕಾರನೇ ಬೀಳುತ್ತಮ್ಮ. ನಿಮ್ಮ ಸೀಟೂ ಹೋಗುತ್ತೆ."

"ಪರವಾಗಿರುವವರು ಹೌದು ಎನ್ನಿ" ಎಂದರು ಸಭಾಧ್ಯಕ್ಷರು.

ನರ್ಸಮ್ಮನ ಬಾಯಿಂದಲೂ 'ಹೌದು' ಹೊರಟಿತು. ಅರ್ಧ ನಿಮಿಷದಲ್ಲಿ ಎಲ್ಲವೂ ಪಾಸಾಯಿತು.

ಹೊರಗೆ ಮೆಟ್ಟಿಲ ಬಳಿ ಬಡಗಿ ಕಾಯುತ್ತಿದ್ದ. ಗರಗಸದ ಯಂತ್ರದ ಸದ್ದಿಗೆ ಅವನ ಕಿವಿ ಎಂದೋ ಮಂದವಾಗಿತ್ತು.

"ನೀವು ಎದ್ದಿದ್ದು ನೋಡ್ದೆ ಅಕ್ಕ. ಬಾಯಿ ಆಡಿದ್ದೂ ಕಾಣಿಸ್ತು. ಹೇಳಿದ್ರಾ?"

ಹೌದೆಂದಿದ್ದರೆ ಅವನು ನಂಬುತ್ತಿದ್ದ. ಆ ಮಾತು ಇನ್ನೊಮ್ಮೆ ಅವರ ನಾಲಿಗೆಗೆ ಬರಲಿಲ್ಲ.

"ಇಲ್ಲಪ್ಪ. ಹೊತ್ತಾಯ್ತು ಅಂತ ಬಿಡ್ಲಿಲ್ಲ. ವಾರ್ಡ್ ಮುಚ್ಚಿದ ಇಲಾಖೆ ಬಜೆಟ್‌ಗೆ ನಾನೂ ಒಪ್ಪಿಗೆ ಕೊಟ್ಟು ಬಂದೆ."

ಅವನು ಒಂದು ಮೆಟ್ಟಿಲು ಹತ್ತಿ ಅವರ ಹತ್ತಿರ ಬಂದ. ಆಮೇಲೆ ಕೇಳಿದ, "ಬರ್ದಿದ್ದು ಇದ್ಯಾ?"

ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ನರ್ಸಮ್ಮ ಆ ಹಾಳೆಗಳನ್ನು ಅವನಿಗೆ ಓದಿ ಹೇಳತೊಡಗಿದರು. ಊರಿನ ಬಸ್ಸು ಬಂತು, ಹೋಯಿತು, ಅವನು ಏಳಲಿಲ್ಲ. ಮಗಳ ಹೆಸರು ಬಂದ ಕಡೆ ಅವರ ದನಿ ಇಳಿಯಿತು.

"ಸ್ವಲ್ಪ ಗಟ್ಟಿಯಾಗಿ ಅಕ್ಕ" ಎಂದು ಬಡಗಿ ತಲೆ ಬಾಗಿಸಿ ಕಿವಿಯನ್ನು ಹಾಳೆಯ ಹತ್ತಿರ ತಂದ.